ಮೂವತ್ತು ಗಿಟಾರ್ ಸೇರಿದರೂ ಸದ್ದು ಮೂವತ್ತು ಪಟ್ಟಾಗುವುದಿಲ್ಲ, ಏಕೆ?

ಒಂದು ಗಿಟಾರ್ ಇದ್ದ ಕಡೆ ಮೂವತ್ತು ಗಿಟಾರ್ ಕೂರಿಸಿದರೆ ಸದ್ದು ಎಷ್ಟು ಹೆಚ್ಚಾಗುತ್ತದೆ? ಕಲಬುರಗಿಯಲ್ಲಿ ಸಂಗೀತದ ಹುಚ್ಚಿರುವ ನಾವು ಕೆಲವರು ಸೇರಿ ಕ್ಲಾಸಿಕಲ್ ಗಿಟಾರ್ ಉತ್ಸವವೊಂದರ ಸಮಾರೋಪ ಕಚೇರಿಯನ್ನು ಪರದೆಯ ಮೇಲೆ ನೋಡುತ್ತಿದ್ದಾಗ, ಹುಡುಗರಿಗೆ ತಬಲಾ ಹೇಳಿಕೊಡುವ ಹಿರಿಯರೊಬ್ಬರು ಎತ್ತಿದ ಪ್ರಶ್ನೆ ಇದು. "ಇಷ್ಟು ಮಂದಿ ಕೂತು ಇಷ್ಟೇ ಸದ್ದು ಮಾಡುವುದಾದರೆ ಒಬ್ಬನ ಮುಂದೆ ಮೈಕು ಇಟ್ಟಿದ್ದರೆ ಸಾಕಿತ್ತಲ್ಲ ತಮ್ಮಾ?" ಎಂದರು. ಎಲ್ಲರೂ ನಕ್ಕೆವು. ಆದರೆ ಆ ಪ್ರಶ್ನೆಯ ಬೆನ್ನು ಹತ್ತಿದರೆ ಇಂಥ ಕಚೇರಿಯ ಮುಕ್ಕಾಲು ಪಾಲು ಗುಟ್ಟು ಬಿಚ್ಚಿಕೊಳ್ಳುತ್ತದೆ.

ಮೊದಲು ಲೆಕ್ಕ. ಒಂದೇ ಬಲದಲ್ಲಿ ನುಡಿಯುವ ವಾದ್ಯಗಳ ಸಂಖ್ಯೆ ಇಮ್ಮಡಿಯಾದಾಗಲೆಲ್ಲ ಸದ್ದಿನ ಮಟ್ಟ ಏರುವುದು ಸುಮಾರು 3 ಡೆಸಿಬೆಲ್ ಮಾತ್ರ. ಹತ್ತು ವಾದ್ಯಗಳಾದರೆ 10 ಡೆಸಿಬೆಲ್, ಮೂವತ್ತಾದರೆ ಹೆಚ್ಚುಕಡಿಮೆ 15. ಸದ್ದು ಎರಡರಷ್ಟಾಯಿತು ಎಂದು ಕಿವಿಗೆ ಅನ್ನಿಸಬೇಕಾದರೆ ಸುಮಾರು 10 ಡೆಸಿಬೆಲ್ ಏರಿಕೆ ಬೇಕು. ಹಾಗಾಗಿ ಮೂವತ್ತು ಗಿಟಾರ್ ಒಟ್ಟಿಗೆ ನುಡಿದರೂ ಒಂದು ಗಿಟಾರಿನ ಮೂರರಷ್ಟು ಜೋರು ಎಂದೂ ಅನ್ನಿಸುವುದಿಲ್ಲ. ಬರೀ ಜೋರಿಗಾಗಿ ಇಷ್ಟು ಜನರಿಗೆ ಊಟ, ವಸತಿ, ಕುರ್ಚಿ ಒದಗಿಸುವುದು ದಂಡದ ಖರ್ಚು; ಸಾಧಾರಣ ಸ್ಪೀಕರ್ ಆ ಕೆಲಸವನ್ನು ಸಲೀಸಾಗಿ ಮಾಡುತ್ತದೆ.

ಗಿಟಾರ್ ಆರ್ಕೆಸ್ಟ್ರಾ ನೀಗಿಸುವ ಕೊರತೆ ಬೇರೆಯೇ ಇದೆ. ಗಿಟಾರಿನ ಸ್ವರ ಸಣ್ಣದಷ್ಟೇ ಆಗಿದ್ದರೆ ಚಿಂತೆಯಿರಲಿಲ್ಲ, ಅದು ಅಲ್ಪಾಯುಷಿಯೂ ಹೌದು. ಬೆರಳು ತಂತಿಯನ್ನು ಬಿಟ್ಟ ಕ್ಷಣದಿಂದಲೇ ಸ್ವರ ಕರಗಲು ತೊಡಗುತ್ತದೆ. ಹಾಡುವವರ ಉಸಿರು, ಸಾರಂಗಿಯ ಕಮಾನು, ಹಾರ್ಮೋನಿಯಂನ ತಿದಿ ಸ್ವರವನ್ನು ಹಿಡಿದು ನಿಲ್ಲಿಸಬಲ್ಲವು, ಬೇಕೆಂದರೆ ನಡುವೆ ಉಬ್ಬಿಸಲೂಬಲ್ಲವು. ಗಿಟಾರಿಗೆ ಆ ಭಾಗ್ಯವಿಲ್ಲ. ಏಕವ್ಯಕ್ತಿ ವಾದಕನ ಬೆರಳ ಚಮತ್ಕಾರಗಳು, ವೃಂದದ ಕುರ್ಚಿಗಳ ಜೋಡಣೆ, ಸಭಾಂಗಣದಲ್ಲಿ ಕೆಮ್ಮಿದವರ ಕಡೆ ತಿರುಗುವ ಕಣ್ಣುಗಳು, ಎಲ್ಲದರ ಮೂಲ ಈ ಒಂದು ಕೊರತೆಯಲ್ಲಿದೆ.

ಯಾವ ಗಿಟಾರ್ ಇದು?

ಕಲಬುರಗಿ, ಬೀದರ್ ಕಡೆ ಗಿಟಾರ್ ಎಂದ ಕೂಡಲೇ ಕಣ್ಣಿಗೆ ಬರುವುದು ಉಕ್ಕಿನ ತಂತಿಯ ಗಿಟಾರ್. ಚರ್ಚಿನ ಗಾಯನದಲ್ಲಿ, ಕಾಲೇಜಿನ ವಾರ್ಷಿಕೋತ್ಸವದಲ್ಲಿ, ಗಣೇಶ ಹಬ್ಬದ ರಸಮಂಜರಿಯಲ್ಲಿ ಕಾಣುವುದು ಅದೇ. ಪಿಕ್ ಎಂಬ ಸಣ್ಣ ಬಿಲ್ಲೆ ಹಿಡಿದು ತಂತಿಗಳನ್ನು ಒಟ್ಟಿಗೆ ಮೀಟಿ ಹಾಡಿಗೆ ಸಾಥ್ ಕೊಡುವುದು ಅದರ ಮುಖ್ಯ ಕೆಲಸ. ಹಿಂದೂಸ್ತಾನಿ ಕೇಳುವವರಿಗೆ ಇನ್ನೊಂದು ಗಿಟಾರ್ ಗೊತ್ತು. ಬ್ರಿಜ್ ಭೂಷಣ್ ಕಾಬ್ರಾ ಮತ್ತು ಮೋಹನವೀಣೆಯ ವಿಶ್ವಮೋಹನ ಭಟ್ಟರು ತೊಡೆಯ ಮೇಲೆ ಅಡ್ಡಲಾಗಿಟ್ಟು, ಉಕ್ಕಿನ ಸಲಾಕೆ ಜಾರಿಸಿ ರಾಗ ನುಡಿಸುವ ವಾದ್ಯ ಅದು. ಕ್ಲಾಸಿಕಲ್ ಗಿಟಾರ್ ಇವೆರಡೂ ಅಲ್ಲ. ಇದರ ಮೇಲಿನ ಸ್ವರದ ಮೂರು ತಂತಿಗಳು ನೈಲಾನಿನವು, ಕೆಳಸ್ವರದ ಮೂರು ತಂತಿಗಳು ನೈಲಾನ್ ಎಳೆಗಳ ಮೇಲೆ ಲೋಹದ ತೆಳು ಸರಿಗೆ ಸುತ್ತಿದವು. ಪಿಕ್ ಇಲ್ಲ, ಬಲಗೈಯ ಉಗುರೇ ಸಾಧನ.

ನೈಲಾನ್ ಬಂದದ್ದು ಇತ್ತೀಚೆಗೆ. ಅದಕ್ಕೂ ಮುಂಚೆ ಪ್ರಾಣಿಗಳ ಕರುಳಿನಿಂದ ಹೊಸೆದ ತಂತಿಗಳಿದ್ದವು. ಎರಡನೇ ಮಹಾಯುದ್ಧದ ಕಾಲಕ್ಕೆ ಕರುಳಿನ ದಾರವೆಲ್ಲ ಗಾಯ ಹೊಲಿಯುವುದಕ್ಕೆ ಹೋಗಿ, ಗಿಟಾರಿನವರಿಗೆ ತಂತಿಯೇ ಸಿಗದಂತಾಯಿತು. ಆಗ ನ್ಯೂಯಾರ್ಕಿನಲ್ಲಿದ್ದ ಆಲ್ಬರ್ಟ್ ಅಗಸ್ಟೀನ್ ಎಂಬ ವಾದ್ಯ ತಯಾರಕರು, ಸ್ಪೇನಿನ ಮಹಾವಾದಕ ಆಂದ್ರೇಸ್ ಸೆಗೋವಿಯಾ (1893–1987) ಅವರ ಒತ್ತಾಸೆಯಿಂದ ನೈಲಾನ್ ತಂತಿಯನ್ನು ಬಳಕೆಗೆ ತಂದರು. ಈ ಆರು ತಂತಿಗಳು ಒಟ್ಟಾಗಿ ವಾದ್ಯವನ್ನು ಎಳೆಯುವ ಬಲ ಸುಮಾರು 40 ಕಿಲೋ. ಉಕ್ಕಿನ ತಂತಿಗಳದು ಇದರ ಎರಡರಷ್ಟಕ್ಕೆ ಹತ್ತಿರ. ನೈಲಾನ್ ಗಿಟಾರಿಗೆ "ಸ್ವಲ್ಪ ಜೋರಾಗಲಿ" ಎಂದು ಉಕ್ಕಿನ ತಂತಿ ಕಟ್ಟಿ, ತಂತಿ ಕಚ್ಚಿಕೊಂಡ ಮರದ ಪಟ್ಟಿ ಬುಡಸಮೇತ ಕಿತ್ತುಬಂದದ್ದನ್ನು ರಿಪೇರಿಗೆ ತರುವವರು ಎಲ್ಲ ಊರಲ್ಲೂ ಇದ್ದಾರೆ.

ಸದ್ದು ಹುಟ್ಟುವುದು ತಂತಿಯಲ್ಲಾದರೂ ಅದನ್ನು ಗಾಳಿಗೆ ದಾಟಿಸುವುದು ಮೇಲ್ಹಲಗೆ. ಸ್ಪ್ರೂಸ್ ಅಥವಾ ಸೀಡರ್ ಮರದ, ಎರಡರಿಂದ ಎರಡೂವರೆ ಮಿಲಿಮೀಟರ್ ದಪ್ಪದ ಹಲಗೆ ಅದು. ಅಷ್ಟು ತೆಳುವಾದದ್ದು 40 ಕಿಲೋ ಎಳೆತ ತಾಳಬೇಕು, ಆದರೂ ಸಲೀಸಾಗಿ ಕಂಪಿಸಬೇಕು. ಈ ಇಕ್ಕಟ್ಟನ್ನು ಬಿಡಿಸಿದವರು ದಕ್ಷಿಣ ಸ್ಪೇನಿನ ಆಲ್ಮೇರಿಯಾದ ಬಡಗಿ ಆಂತೋನಿಯೊ ದೆ ತೋರ್ರೆಸ್ (1817–1892). ಹಲಗೆಯ ಒಳಮೈಗೆ ಬೀಸಣಿಗೆಯಂತೆ ಹರಡಿದ ಸಣ್ಣ ಮರದ ಕಡ್ಡಿಗಳನ್ನು ಅಂಟಿಸುವ ಪದ್ಧತಿಯನ್ನು ಪಕ್ವಗೊಳಿಸಿದ್ದು, ವಾದ್ಯದ ಒಡಲನ್ನು ದೊಡ್ಡದು ಮಾಡಿದ್ದು, ತಂತಿಯ ನುಡಿಯುವ ಉದ್ದವನ್ನು 650 ಮಿಲಿಮೀಟರಿನ ಆಸುಪಾಸಿಗೆ ತಂದು ನಿಲ್ಲಿಸಿದ್ದು ಅವರೇ. ಇಂದಿನ ಕ್ಲಾಸಿಕಲ್ ಗಿಟಾರ್ ಬಹುಮಟ್ಟಿಗೆ ತೋರ್ರೆಸರದೇ ವಾದ್ಯ. ದನಿಗೆ ಮೇಲ್ಹಲಗೆಯೇ ಮುಖ್ಯ ಎಂದು ತೋರಿಸಲು 1862ರಲ್ಲಿ ಅವರು ಬೆನ್ನು ಮತ್ತು ಪಕ್ಕೆಗಳನ್ನು ಕಾಗದದ ರಟ್ಟಿನಿಂದ ಮಾಡಿದ ಗಿಟಾರೊಂದನ್ನು ಕಟ್ಟಿದರು. ಹೀಗೆ ವಾದ ಮಾಡುವ ಕುಶಲಕರ್ಮಿಗಳನ್ನು ಕಂಡರೆ ನನಗೆ ವಿಶೇಷ ಪ್ರೀತಿ. ಬಾಯಲ್ಲಿ ಹೇಳದೆ ಮಾಡಿ ಮುಂದಿಟ್ಟುಬಿಡುತ್ತಾರೆ.

ಒಬ್ಬನ ಕೈಯಲ್ಲಿ ಮೂರು ದನಿ

ಉತ್ಸವದ ಕಚೇರಿ ಸಾಮಾನ್ಯವಾಗಿ ಏಕವ್ಯಕ್ತಿ ವಾದನದಿಂದ ಶುರುವಾಗುತ್ತದೆ. ವಾದಕ ಬಂದು, ಎಡಪಾದವನ್ನು ಗೇಣುದ್ದಕ್ಕೂ ಕಡಿಮೆ ಎತ್ತರದ ಸಣ್ಣ ಮಣೆಯ ಮೇಲಿಟ್ಟು, ಎಡತೊಡೆಯ ಮೇಲೆ ಗಿಟಾರನ್ನು ಓರೆಯಾಗಿ ಕೂರಿಸಿಕೊಳ್ಳುತ್ತಾನೆ. ಈಗ ಮಣೆಯ ಬದಲು ವಾದ್ಯಕ್ಕೇ ಅಂಟಿಸುವ ಆಸರೆಗಳೂ ಬಂದಿವೆ. ತಬಲಾ ಇಲ್ಲ, ತಂಬೂರಿ ಇಲ್ಲ, ಎದುರಿಗೆ ಬಹಳ ಸಲ ಸ್ವರಲಿಪಿಯೂ ಇಲ್ಲ. ಇಲ್ಲಿ ನಮ್ಮ ಕಡೆಯ ಕೇಳುಗರಿಗೆ ಮೊದಲ ತೊಡಕು ಎದುರಾಗುತ್ತದೆ.

ಕಡಕೋಳ ಮಡಿವಾಳಪ್ಪನವರ ತತ್ವಪದವನ್ನು ಏಕತಾರಿಯೊಂದಿಗೆ ಕೇಳಿ ಬೆಳೆದವರಿಗೆ, ಖಯಾಲ್ ಕೇಳುವವರಿಗೆ, ಷಡ್ಜ ಎಂಬುದು ಕದಲದ ನೆಲ. ಮೇಲೆ ಏನೇ ನಡೆದರೂ ಕೆಳಗೆ ಅದು ಇದ್ದೇ ಇರುತ್ತದೆ. ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದಲ್ಲಿ ಆ ನೆಲವೇ ನಡೆಯುತ್ತದೆ. ಹೆಬ್ಬೆರಳು ನುಡಿಸುವ ಕೆಳಸ್ವರ ಬದಲಾದಂತೆ ಮೇಲಿನ ಅದೇ ಸ್ವರಕ್ಕೆ ಬೇರೆ ಬೇರೆ ಬಣ್ಣ ಬರುತ್ತದೆ. ಭಜನಾ ಮಂಡಳಿಯ ಹಾರ್ಮೋನಿಯಂ ಮನೆಯ ಹತ್ತಿರ ಎಲ್ಲಾದರೂ ಇದ್ದರೆ ಇದನ್ನು ಎರಡು ನಿಮಿಷದಲ್ಲಿ ಪರೀಕ್ಷಿಸಬಹುದು. ಮಧ್ಯ ಸಪ್ತಕದ ಸ, ಶುದ್ಧ ಗ, ಪ ಈ ಮೂರನ್ನೂ ಒಟ್ಟಿಗೆ ಒತ್ತಿ ಹಿಡಿಯಿರಿ. ಒಂದು ತುಂಬಿದ, ನೆಮ್ಮದಿಯ ನಾದ ಬರುತ್ತದೆ. ಈಗ ಸ ಮತ್ತು ಗ ಬಿಡದೆ, ಪ ಮಾತ್ರ ಬಿಟ್ಟು, ಮಂದ್ರದ ಶುದ್ಧ ಧ ಒತ್ತಿರಿ. ಗಾಂಧಾರ ಇದ್ದಲ್ಲೇ ಇದೆ, ಆದರೆ ಅದರ ಮುಖ ಬಾಡಿರುತ್ತದೆ. ಈ ಬಾಡುವಿಕೆ ಮತ್ತು ಅರಳುವಿಕೆಯ ಸಾಲನ್ನೇ ಗಿಟಾರ್ ವಾದಕ ಕಟ್ಟುತ್ತಾ ಹೋಗುವುದು. ರಾಗದ ಬೆಳವಣಿಗೆಯನ್ನು ಹುಡುಕುತ್ತಾ ಕೂತವರಿಗೆ ಇದು ಗುರಿಯಿಲ್ಲದ ಅಲೆದಾಟದಂತೆ ಕೇಳಿಸುತ್ತದೆ. ಕಿವಿಯನ್ನು ಕೆಳಗಿನ ಸ್ವರದ ನಡಿಗೆಗೆ ಕಟ್ಟಿದರೆ ದಾರಿ ಕಾಣುತ್ತದೆ.

ವಾದಕನ ಬಲಗೈಯಲ್ಲಿ ಕೆಲಸದ ಹಂಚಿಕೆಯಿದೆ. ಹೆಬ್ಬೆರಳಿಗೆ ಕೆಳಸ್ವರ, ತೋರುಬೆರಳು ಮತ್ತು ನಡುಬೆರಳಿಗೆ ನಡುವಿನ ಸ್ವರಗಳು, ಉಂಗುರ ಬೆರಳಿಗೆ ಬಹುಪಾಲು ಮೇಲಿನ ಹಾಡು. ಕಿರುಬೆರಳಿಗೆ ಸಾಮಾನ್ಯವಾಗಿ ರಜೆ. ಮೂರು ದನಿಗಳು ಒಬ್ಬನ ಕೈಯಿಂದ ಹೊರಟರೂ ಮೂರು ಬೇರೆ ತೂಕದಲ್ಲಿ ಕೇಳಿಸಬೇಕು. ಹಾಡಿನ ಸ್ವರವನ್ನು ಎದ್ದು ಕಾಣಿಸಲು, ಮೀಟಿದ ಬೆರಳು ಪಕ್ಕದ ತಂತಿಗೆ ಹೋಗಿ ಒರಗುವ ಹಾಗೆ ನುಡಿಸುತ್ತಾರೆ. ಉಳಿದ ಸ್ವರಗಳಿಗೆ ಬೆರಳು ಗಾಳಿಯಲ್ಲೇ ಮಡಚಿಕೊಳ್ಳುತ್ತದೆ. ಮುಂದಿನ ಸಾಲಿನಲ್ಲಿ ಕೂತವರಿಗೆ ಈ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ. ಮೀಟುವ ಜಾಗವೂ ಬದಲಾಗುತ್ತಿರುತ್ತದೆ. ತಂತಿಯ ಬುಡದ ಪಟ್ಟಿಯ ಹತ್ತಿರ ಮೀಟಿದರೆ ಲೋಹದಂಥ ಚೂಪು ದನಿ, ಮೇಲ್ಹಲಗೆಯ ರಂಧ್ರವನ್ನು ದಾಟಿ ಗಿಟಾರಿನ ಕುತ್ತಿಗೆಯ ಕಡೆ ಬಂದರೆ ದುಂಡು ದನಿ. ಜೋರು, ಮೆಲ್ಲಗೆ ಎಂಬ ಎರಡೇ ಅಂಚುಗಳ ನಡುವೆ ಜಾಗ ಕಡಿಮೆಯಿರುವುದರಿಂದ ಗಿಟಾರ್ ಬಣ್ಣದ ಮೇಲೆ ಬದುಕುತ್ತದೆ.

ಸ್ವರ ಬೇಗ ಸಾಯುವ ಸಮಸ್ಯೆಗೆ ಏಕವ್ಯಕ್ತಿ ವಾದಕನ ಬಳಿ ಇರುವ ಅತ್ಯಂತ ಪ್ರಸಿದ್ಧ ಉಪಾಯ ಟ್ರೆಮೊಲೊ. ಹೆಬ್ಬೆರಳು ಒಂದು ಕೆಳಸ್ವರ ಮೀಟುತ್ತದೆ. ಅದರ ಬೆನ್ನಿಗೇ ಉಂಗುರ ಬೆರಳು, ನಡುಬೆರಳು, ತೋರುಬೆರಳು ಒಂದೇ ಮೇಲಿನ ತಂತಿಯನ್ನು ಸರದಿಯಂತೆ ಮೂರು ಸಲ ಮೀಟುತ್ತವೆ. ಮತ್ತೆ ಹೆಬ್ಬೆರಳು. ಈ ಚಕ್ರ ಸೆಕೆಂಡಿಗೆ ಹಲವು ಬಾರಿ ತಿರುಗುವಾಗ ಮೇಲಿನ ಸ್ವರ ಕರಗುವ ಮೊದಲೇ ಮರುಹುಟ್ಟು ಪಡೆಯುತ್ತಾ ಹೋಗಿ, ಕಿವಿಗೆ ಕಡಿಯದ ಎಳೆಯಂತೆ ಕೇಳಿಸುತ್ತದೆ. ಸಂತೂರಿನಲ್ಲಿ ಕಲಮ್ ಎಂಬ ಬಡಿಯುವ ಕಡ್ಡಿಯ ಕಂಪನದಿಂದ ಸ್ವರ ನಿಲ್ಲಿಸುವುದನ್ನು ಕೇಳಿದವರಿಗೆ ಇದು ಬೇಗ ಹಿಡಿಸುತ್ತದೆ. ಕಷ್ಟವಿರುವುದು ವೇಗದಲ್ಲಿ ಎಂದು ಹೊರಗಿನವರು ತಿಳಿಯುತ್ತಾರೆ. ಮೂರು ಬೆರಳುಗಳ ಉದ್ದ, ಬಲ, ಉಗುರಿನ ಆಕಾರ ಮೂರು ಥರ. ಆದರೂ ಮೂರು ಮೀಟುಗಳು ಒಂದೇ ಅಳತೆಯಲ್ಲಿ ಬೀಳಬೇಕು. ಒಂದು ಉಗುರಿನ ಅಂಚು ಕೂದಲೆಳೆಯಷ್ಟು ಒರಟಾಗಿದ್ದರೂ ಆ ಒಂದು ಮೀಟು ಸಾಲಿನಲ್ಲಿ ಕುಂಟುತ್ತದೆ. ವಾದಕರು ವೇದಿಕೆ ಹತ್ತುವ ಮುನ್ನ ನಯವಾದ ಉಜ್ಜುಕಾಗದದಿಂದ ಉಗುರು ತೀಡುತ್ತಾ ಕೂರುವುದು ಇದಕ್ಕೇ.

ಟ್ರೆಮೊಲೊ ಎಂದರೆ ಎಲ್ಲರಿಗೂ ನೆನಪಾಗುವ ಕೃತಿ ಗ್ರನಾಡಾದ ಆಲ್ಹಾಂಬ್ರಾ ಅರಮನೆಯ ನೆನಪಿನಲ್ಲಿ ಫ್ರಾನ್ಸಿಸ್ಕೊ ತಾರ್ರೆಗಾ (1852–1909) ಬರೆದದ್ದು. ಆಲ್ಮೇರಿಯಾ, ಗ್ರನಾಡಾ, ಕಾರ್ಡೊಬಾ ಎಲ್ಲವೂ ಸ್ಪೇನಿನ ಆಂದಲೂಸಿಯಾ ಪ್ರಾಂತದ ಊರುಗಳು. ಕಲಬುರಗಿ ಕೋಟೆಯೊಳಗಿನ 1367ರ ಜಾಮಿ ಮಸೀದಿಯನ್ನು ಅದೇ ಕಾರ್ಡೊಬಾದ ಮಸೀದಿಗೆ ಹೋಲಿಸುವ ವಾಡಿಕೆ ನಮ್ಮಲ್ಲಿದೆ. ಹೋಲಿಕೆ ಎಷ್ಟು ಸರಿ ಎಂಬುದನ್ನು ವಾಸ್ತುಶಿಲ್ಪ ಬಲ್ಲವರಿಗೆ ಬಿಡೋಣ; ಆ ಕಮಾನುಗಳ ಸಾಲಿನ ಕೆಳಗೆ ಒಮ್ಮೆ ನಡೆದಾಡಿದವರಿಗೆ ತಾರ್ರೆಗಾ ಏನನ್ನು ನೆನೆದಿರಬಹುದು ಎಂಬುದು ಅಷ್ಟೇನೂ ದೂರದ ಮಾತಲ್ಲ. ಅಂದಹಾಗೆ ನೋಕಿಯಾ ಮೊಬೈಲಿನ ಹಳೆಯ ರಿಂಗ್‌ಟೋನ್ ಕೂಡ ತಾರ್ರೆಗಾ ಅವರ ಒಂದು ವಾಲ್ಟ್ಸ್‌ನ (ಮೂರು ಎಣಿಕೆಯ ಕುಣಿತದ ಸಂಗೀತದ) ತುಣುಕು. ಆ ಸಾಲು ಬಂದಾಗ ಸಭೆಯಲ್ಲಿ ಜೇಬು ಮುಟ್ಟಿ ನೋಡಿಕೊಳ್ಳುವವರು ಈಗಲೂ ಇರುತ್ತಾರೆ.

"ಒಂದು ಸ್ವರದಿಂದ ಇನ್ನೊಂದಕ್ಕೆ ಕಡಿಯದೆ ಜಾರುವ ಮೀಂಡ್ ಎಲ್ಲಿದೆ?" ಎಂಬ ಪ್ರಶ್ನೆಯನ್ನು ನಮ್ಮ ಕಡೆ ಯಾರಾದರೂ ಕೇಳಿಯೇ ಕೇಳುತ್ತಾರೆ. ಇಲ್ಲ, ಅಥವಾ ಇದ್ದೂ ಇಲ್ಲದಷ್ಟಿದೆ. ಸಿತಾರಿನ ಪರದೆಗಳನ್ನು, ಅಂದರೆ ಸ್ವರದ ಮೆಟ್ಟುಗಳನ್ನು, ಸರಿಸಬಹುದು, ತಂತಿಯನ್ನು ಅಡ್ಡಕ್ಕೆ ಎಳೆದು ನಾಲ್ಕೈದು ಸ್ವರಗಳಷ್ಟು ಏರಿಸಬಹುದು. ಗಿಟಾರಿನ ಲೋಹದ ಪಟ್ಟಿಗಳು ಮರದಲ್ಲಿ ನೆಟ್ಟು ಕೂತವು. ಸಪ್ತಕವನ್ನು ಹನ್ನೆರಡು ಸಮ ಪಾಲು ಮಾಡಿ, ಪ್ರತಿ ಪಟ್ಟಿಗೂ ಕಂಪನಸಂಖ್ಯೆ 1.0595 ಪಟ್ಟು ಏರುವಂತೆ ಅವುಗಳ ಜಾಗ ನಿಗದಿಯಾಗಿರುತ್ತದೆ. 650 ಮಿಲಿಮೀಟರ್ ತಂತಿಯಲ್ಲಿ ಮೊದಲ ಪಟ್ಟಿ 36.5 ಮಿಲಿಮೀಟರಿಗೆ, ಹನ್ನೆರಡನೆಯದು ಸರಿಯಾಗಿ ಅರ್ಧಕ್ಕೆ, 325ಕ್ಕೆ. ಇದರಿಂದ ತಂಬೂರಿಯೊಳಗೆ ತಾನಾಗಿ ಕೇಳುವ ಗಾಂಧಾರಕ್ಕಿಂತ ಗಿಟಾರಿನ ಗಾಂಧಾರ ಅರ್ಧಸ್ವರದ ಏಳನೇ ಒಂದು ಪಾಲಿನಷ್ಟು ಎತ್ತರ ಉಳಿಯುತ್ತದೆ. ಹಾರ್ಮೋನಿಯಂ ಮೇಲಿನ ತಕರಾರುಗಳಲ್ಲಿ ಇದೂ ಒಂದು. ಆಕಾಶವಾಣಿ 1940ರಿಂದ ಮೂರು ದಶಕ ಅದನ್ನು ಹೊರಗಿಟ್ಟಿತ್ತು. ಹಾಗೆ ನೋಡಿದರೆ ಈ ಸಮ ಪಾಲು ಒಂದು ರಾಜಿ. ಆದರೆ ಈ ರಾಜಿ ಇಲ್ಲದಿದ್ದರೆ ಕೆಳಸ್ವರ ಬದಲಾದಾಗಲೆಲ್ಲ ಮೇಲಿನ ಕೆಲವು ಸ್ವರಗಳು ಅಪಸ್ವರವಾಗುತ್ತಿದ್ದವು. ಮೂವತ್ತು ವಾದ್ಯಗಳು ಒಟ್ಟಿಗೆ ನುಡಿಯಬೇಕಾದಾಗಲಂತೂ ಎಲ್ಲರಿಗೂ ಒಂದೇ ಅಳತೆಗೋಲು ಬೇಕೇ ಬೇಕು.

ವೃಂದ ಕೂತಾಗ ಏನಾಗುತ್ತದೆ?

ವಿರಾಮದ ನಂತರ ವೇದಿಕೆಯ ಮೇಲೆ ಅರ್ಧವೃತ್ತದಲ್ಲಿ ಕುರ್ಚಿಗಳು, ಸ್ವರಲಿಪಿಯ ಸ್ಟ್ಯಾಂಡುಗಳು, ನಡುವೆ ಬೆನ್ನು ನಮಗೆ ಮಾಡಿ ನಿಲ್ಲುವ ನಿರ್ದೇಶಕ. ದೂರದಿಂದ ಎಲ್ಲವೂ ಒಂದೇ ಗಿಟಾರಿನಂತೆ ಕಾಣುತ್ತದೆ. ಹತ್ತಿರದಿಂದ ನೋಡಿದರೆ ಅಂಚಿನಲ್ಲಿ ಪುಟ್ಟ ಗಿಟಾರ್‌ಗಳೂ, ಇನ್ನೊಂದು ಅಂಚಿನಲ್ಲಿ ದೊಡ್ಡ ಒಡಲಿನವೂ ಇರಬಹುದು. ಪುಟ್ಟದರ ಹೆಸರು ರೆಕಿಂಟೊ. ಸಾಮಾನ್ಯ ಗಿಟಾರಿಗಿಂತ ಷಡ್ಜದಿಂದ ಮಧ್ಯಮದಷ್ಟು ಮೇಲಿನ ಶ್ರುತಿ. ಒಂದು ಸಪ್ತಕ ಮೇಲಿನ ಶ್ರುತಿಯ ಗಿಟಾರ್‌ಗಳೂ ಇವೆ. ದೊಡ್ಡದು ಕಾಂಟ್ರಾಬಾಸ್ ಗಿಟಾರ್, ಒಂದು ಸಪ್ತಕ ಕೆಳಗೆ. ಸಾಮಾನ್ಯ ಗಿಟಾರಿನ ಅತಿ ಕೆಳಗಿನ ತಂತಿ ಸೆಕೆಂಡಿಗೆ 82 ಬಾರಿ ಕಂಪಿಸಿದರೆ ಇದರದು 41 ಬಾರಿ. ಒಂಟಿ ಗಿಟಾರಿನ ಹರವು ಮೂರೂವರೆ ಸಪ್ತಕ. ಇವೆಲ್ಲ ಸೇರಿದಾಗ ಅದು ಐದನ್ನೂ ದಾಟುತ್ತದೆ. ಜಪಾನಿನಲ್ಲಿ ಹಿರೋಕಿ ನೀಬೋರಿ ಎಂಬವರು ಈ ದಾರಿಯಲ್ಲಿ ತುಂಬ ದೂರ ಹೋಗಿ, ಗಿಟಾರಿಗೆ ಪಿಟೀಲು ಕುಟುಂಬದಂತೆ ಗಾತ್ರವಾರು ಒಂದು ಸಂಸಾರವನ್ನೇ ಕಟ್ಟಿದರು. ಹೆಚ್ಚಿನ ಉತ್ಸವಗಳಲ್ಲಿ ಇಷ್ಟು ಅನುಕೂಲ ಇರುವುದಿಲ್ಲ. ಸಾಮಾನ್ಯ ಗಿಟಾರ್‌ಗಳನ್ನೇ ನಾಲ್ಕು ಗುಂಪು ಮಾಡಿ ಕೂರಿಸುತ್ತಾರೆ.

ಒಬ್ಬ ವಾದಕನ ಕೈಯಲ್ಲಿದ್ದ ಮೂರು ದನಿಗಳು ಈಗ ಬೇರೆ ಬೇರೆ ಗುಂಪುಗಳಿಗೆ ಹಂಚಿಹೋಗಿವೆ. ಒಬ್ಬೊಬ್ಬರ ಪಾಲಿಗೆ ಬಹುತೇಕ ಒಂದೇ ಸಾಲು. ಇದರಿಂದ ಎರಡು ಲಾಭಗಳಿವೆ. ಒಂದು, ಪ್ರತಿ ಸ್ವರಕ್ಕೂ ವಾದಕನ ಪೂರ್ತಿ ಗಮನ ಸಿಗುತ್ತದೆ. ಇನ್ನೊಂದು ಹೆಚ್ಚು ದೊಡ್ಡದು. ಒಂದು ಗುಂಪಿನ ಸ್ವರ ಕರಗುವ ಹೊತ್ತಿಗೆ ಇನ್ನೊಂದು ಗುಂಪು ಮೀಟಿ ಅದನ್ನು ಎತ್ತಿಕೊಳ್ಳಬಹುದು. ಎಂಟು ಜನ ಒಂದೇ ಸ್ವರವನ್ನು ಬೇರೆ ಬೇರೆ ಗಳಿಗೆಯಲ್ಲಿ ಟ್ರೆಮೊಲೊ ಮಾಡಿದರೆ ಮೀಟುಗಳ ನಡುವಿನ ಸಂದು ತುಂಬಿಹೋಗಿ, ಸ್ವರ ನಿಲ್ಲುತ್ತದೆ. ಇನ್ನೂ ಸೋಜಿಗವೆಂದರೆ ಅದು ಉಬ್ಬಬಲ್ಲದು. ಒಂಟಿ ಗಿಟಾರಿಗೆ ಎಂದೂ ದಕ್ಕದ, ಹಾಡುವವರ ಉಸಿರಿನ ಗುಣ ಇದು. ತಬಲಾ ಗುರುಗಳ ಪ್ರಶ್ನೆಗೆ ಇದೇ ಉತ್ತರ. ಒಬ್ಬನ ಮುಂದೆ ಮೈಕಿಟ್ಟರೆ ಕರಗುವ ಸ್ವರ ಜೋರಾಗಿ ಕರಗುತ್ತದೆ, ಅಷ್ಟೇ.

ಜೊತೆಗೆ ದನಿಯ ಮೈಯೂ ಬದಲಾಗುತ್ತದೆ. ಎಷ್ಟೇ ಶ್ರುತಿ ಮಾಡಿದರೂ ಮೂವತ್ತು ಗಿಟಾರ್‌ಗಳು ಕೂದಲೆಳೆಯಷ್ಟು ಹೆಚ್ಚುಕಮ್ಮಿ ಇದ್ದೇ ಇರುತ್ತವೆ. ಆ ಸಣ್ಣ ವ್ಯತ್ಯಾಸಗಳು ಒಂದರೊಡನೊಂದು ಬೆರೆತು ಸ್ವರಕ್ಕೆ ನವಿರಾದ ಅಲೆಯನ್ನು ಕೊಡುತ್ತವೆ. ಜಾತ್ರೆಯ ಭಜನೆಯಲ್ಲಿ ನೂರು ಕಂಠಗಳು ಒಂದೇ ಸಾಲು ಹಾಡುವಾಗ ಒಬ್ಬರದೂ ಪಕ್ಕಾ ಶ್ರುತಿಯಲ್ಲಿಲ್ಲದಿದ್ದರೂ ಒಟ್ಟು ದನಿ ತುಂಬಿ ಬರುವುದು ಇದೇ ಕಾರಣಕ್ಕೆ.

ಕಾಲದ ವಿಷಯದಲ್ಲಿ ಮಾತ್ರ ಯಾವ ಮಾಫಿಯೂ ಇಲ್ಲ. ಪಿಟೀಲಿನ ಕಮಾನು ಸ್ವರವನ್ನು ಮೆಲ್ಲಗೆ ಎಬ್ಬಿಸುತ್ತದೆ. ಇಪ್ಪತ್ತು ಜನ ತುಸು ಹಿಂದೆಮುಂದೆ ಶುರುಮಾಡಿದರೂ ಕಿವಿ ಕ್ಷಮಿಸುತ್ತದೆ. ಮೀಟಿದ ಸ್ವರಕ್ಕೆ ಚೂಪಾದ ತುದಿಯಿದೆ. ಸೆಕೆಂಡಿನ ನೂರರಲ್ಲಿ ಮೂರು ಪಾಲಿನಷ್ಟು ತಡವಾದರೂ ಕಿವಿ ಅದನ್ನು ಎರಡು ಸದ್ದೆಂದು ಗುರುತಿಸತೊಡಗುತ್ತದೆ. ಇಲ್ಲಿ ಭೌತಶಾಸ್ತ್ರವೂ ಕಾಲೆಳೆಯುತ್ತದೆ. ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್ ಓಡುತ್ತದೆ. ಅರ್ಧವೃತ್ತದ ಈ ತುದಿಯಿಂದ ಆ ತುದಿಗೆ ಹತ್ತು ಮೀಟರ್ ಇದ್ದರೆ, ಆ ತುದಿಯವನು ಈ ತುದಿಯ ಸದ್ದು ಕೇಳಿ ಮೀಟುವ ಹೊತ್ತಿಗೆ ಆ ನೂರರಲ್ಲಿ ಮೂರು ಪಾಲು ಕಳೆದೇಹೋಗಿರುತ್ತದೆ. ಆದ್ದರಿಂದ ವೃಂದದಲ್ಲಿ ಕೂತವರು ಕಿವಿಯನ್ನು ನಂಬಿ ತಾಳ ಹಿಡಿಯುವಂತಿಲ್ಲ, ಕಣ್ಣನ್ನು ನಂಬಬೇಕು. ನಿರ್ದೇಶಕ ಗಾಳಿಯಲ್ಲಿ ಕೈ ಬೀಸುವುದು ಶೋಭೆಗೆಂದು ತಿಳಿದವರು ಅವರನ್ನು ಐದು ನಿಮಿಷ ಹೊರಗೆ ಕಳಿಸಿ ನೋಡಬೇಕು; ಮೂವತ್ತು ಗಿಟಾರ್‌ಗಳ ಒಂದೇ ಮೀಟು ಹೆಂಚಿನ ಮೇಲೆ ಬೀಳುವ ಆಲಿಕಲ್ಲಿನಂತಾಗುತ್ತದೆ.

ಆ ಆಲಿಕಲ್ಲನ್ನೇ ಬೇಕೆಂದು ಬಳಸಿಕೊಂಡ ಸಂಯೋಜಕರೂ ಇದ್ದಾರೆ. ಕ್ಯೂಬಾದ ಲಿಯೊ ಬ್ರೌವರ್ (ಜನನ 1939) 1984ರಲ್ಲಿ ನಾಲ್ಕು ಗಿಟಾರ್‌ಗಳಿಗೆ ಮಳೆಯ ಒಂದು ಚಿತ್ರ ಬರೆದರು. ಬಿಡಿಬಿಡಿ ಹನಿಗಳಂತೆ ಅಲ್ಲೊಂದು ಇಲ್ಲೊಂದು ಸ್ವರ ಬಿದ್ದು, ದಟ್ಟವಾಗುತ್ತಾ ಹೋಗುವ ಕೃತಿ. ದೊಡ್ಡ ವೃಂದಗಳೂ ಅದನ್ನು ನುಡಿಸುತ್ತವೆ. ಅದಕ್ಕೂ ಮುಂಚೆ, 1979ರಲ್ಲಿ, ಆಕಾಶ, ಗಾಳಿ, ಮುಗುಳ್ನಗೆ ಎಂಬ ಮೂರು ಮಾತುಗಳ ಹೆಸರಿಟ್ಟು ಗಿಟಾರ್ ವೃಂದಕ್ಕೆಂದೇ ಒಂದು ಕೃತಿ ರಚಿಸಿದ್ದರು. ಪಿಟೀಲು ವೃಂದದ ಸಂಗೀತವನ್ನು ಗಿಟಾರಿಗೆ ಇಳಿಸಿಕೊಳ್ಳುವುದಕ್ಕಿಂತ ಇಂಥವುಗಳಲ್ಲಿ ಗಿಟಾರ್ ವೃಂದ ತನ್ನ ಸ್ವಂತ ದನಿಯಲ್ಲಿ ಮಾತಾಡುತ್ತದೆ ಎಂಬುದು ನನ್ನ ಅಭಿಪ್ರಾಯ. ಮೊದಲ ಸಲ ಕೇಳುವವರು ಬರೋಕ್ ಕಾಲದ, ಅಂದರೆ 17–18ನೇ ಶತಮಾನದ ಯುರೋಪಿನ, ಕೃತಿಗಳ ಗಿಟಾರ್ ರೂಪಾಂತರಗಳಿಂದ ಶುರುಮಾಡಿದರೆ ಸುಲಭವಾದೀತು, ನಿಜ. ಆದರೆ ಅಲ್ಲೇ ನಿಂತುಬಿಡಬಾರದು.

ಒಬ್ಬನ ಎದುರು ಎಲ್ಲರೂ

ಕಚೇರಿಯ ಕೊನೆಯ ಘಟ್ಟದಲ್ಲಿ ಏಕವ್ಯಕ್ತಿ ವಾದಕ ಮತ್ತೆ ಬಂದು ವೃಂದದ ಮುಂದೆ ಕೂರುವುದುಂಟು. ಇದು ಕಾನ್ಸರ್ಟೊ. ಒಬ್ಬ ಮುಖ್ಯ ವಾದಕ ಮತ್ತು ವೃಂದ, ಸಾಮಾನ್ಯವಾಗಿ ಮೂರು ಭಾಗಗಳು, ಚುರುಕು, ನಿಧಾನ, ಮತ್ತೆ ಚುರುಕು. ಇಂಥ ಮುಖಾಮುಖಿಯಲ್ಲಿ ಗಿಟಾರ್ ಸೋಲುವುದೇ ಹೆಚ್ಚು. ನಾಲ್ಕು ತುತ್ತೂರಿಗಳು ಎದ್ದರೆ ಅದರ ಕತೆ ಮುಗಿಯಿತು. 1808ರಲ್ಲಿ ವಿಯೆನ್ನಾದಲ್ಲಿ ಮೌರೊ ಜ್ಯೂಲಿಯಾನಿ ತಮ್ಮ ಗಿಟಾರ್ ಕಾನ್ಸರ್ಟೊ ನುಡಿಸಿದಾಗಿನಿಂದ ಎಲ್ಲರೂ ಈ ಅಪಾಯವನ್ನು ಸುತ್ತಿಬಳಸಿಯೇ ಬರೆದಿದ್ದಾರೆ. ಎಲ್ಲರಿಗಿಂತ ಜಾಣ್ಮೆಯಿಂದ ಬರೆದವರು ಸ್ಪೇನಿನ ಹೊಆಕಿನ್ ರೊದ್ರಿಗೊ. ಮೂರನೇ ವಯಸ್ಸಿನಲ್ಲೇ ದೃಷ್ಟಿ ಕಳೆದುಕೊಂಡಿದ್ದ ಅವರು 1939ರಲ್ಲಿ ಪ್ಯಾರಿಸಿನಲ್ಲಿ ರಚಿಸಿದ ಅರಾನ್ಹುವೆಸ್ ಕಾನ್ಸರ್ಟೊ 1940ರ ನವೆಂಬರಿನಲ್ಲಿ ಬಾರ್ಸಿಲೋನಾದಲ್ಲಿ ಮೊದಲು ಕೇಳಿಬಂತು. ಅದರಲ್ಲಿ ಗಿಟಾರ್ ಮಾತಾಡುವಾಗ ವೃಂದ ಹಿಂದೆ ಸರಿಯುತ್ತದೆ, ಗಿಟಾರ್ ಸುಮ್ಮನಾದಾಗ ಮಾತ್ರ ಮೈದುಂಬಿ ಏಳುತ್ತದೆ. ಎರಡನೇ ಭಾಗದಲ್ಲಿ ಕಾರ್ ಆಂಗ್ಲೇ ಎಂಬ ಊದುವಾದ್ಯ ಉದ್ದುದ್ದ ಸ್ವರಗಳಲ್ಲಿ ಹಾಡುತ್ತದೆ, ಗಿಟಾರ್ ಅದೇ ಹಾಡನ್ನು ಸಣ್ಣ ಸಣ್ಣ ಅಲಂಕಾರಗಳಿಂದ ತುಂಬಿ ಹೇಳುತ್ತದೆ. ತನ್ನಿಂದ ಹಿಡಿದು ನಿಲ್ಲಿಸಲಾಗದ ಸ್ವರವನ್ನು ಗಿಟಾರ್ ಹೀಗೆ ಕಸೂತಿ ಹಾಕಿ ಉಳಿಸಿಕೊಳ್ಳುತ್ತದೆ.

ಎದುರಿಗಿರುವುದು ಗಿಟಾರ್ ವೃಂದವೇ ಆದಾಗ ಸಮಸ್ಯೆ ತಿರುವು ಪಡೆಯುತ್ತದೆ. ಮುಳುಗುವ ಭಯ ಕಡಿಮೆ, ಆದರೆ ಮುಖ್ಯ ವಾದಕನ ದನಿಯೂ ಹಿಂದಿನವರ ದನಿಯೂ ಒಂದೇ ಜಾತಿ. ಯಾರು ಮಾತಾಡುತ್ತಿದ್ದಾರೆ ಎಂದು ಕೇಳುಗನಿಗೆ ಗೊತ್ತಾಗಬೇಕಲ್ಲ? ನಿರ್ದೇಶಕರು ಹಿಂದಿನವರನ್ನು ಕುತ್ತಿಗೆಯ ಕಡೆ ಉಗುರು ತಾಗಿಸದೆ, ದುಂಡು ದನಿಯಲ್ಲಿ ಮೀಟಲು ಹೇಳುತ್ತಾರೆ. ಮುಂದಿನವನು ಉಗುರಿನ ಹೊಳಪನ್ನು ಇಟ್ಟುಕೊಳ್ಳುತ್ತಾನೆ. ವಿವಾಲ್ಡಿ (1678–1741) ಲ್ಯೂಟ್ ಎಂಬ ಹಳೆಯ ತಂತಿವಾದ್ಯಕ್ಕೆ ಬರೆದ ಕಾನ್ಸರ್ಟೊ ಇಂಥ ಕಚೇರಿಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಅದರ ನಡುವಿನ ನಿಧಾನ ಭಾಗದಲ್ಲಿ ಈ ಎರಡು ಬಣ್ಣಗಳ ಅಂತರ ಸ್ಪಷ್ಟವಾಗಿ ಕೇಳಿಸುತ್ತದೆ. ರೊದ್ರಿಗೊ ಅವರೇ 1967ರಲ್ಲಿ ರೊಮೆರೊ ಕುಟುಂಬದ ತಂದೆ ಮತ್ತು ಮೂವರು ಮಕ್ಕಳಿಗಾಗಿ ನಾಲ್ಕು ಗಿಟಾರ್‌ಗಳ ಕಾನ್ಸರ್ಟೊ ಬರೆದದ್ದೂ ಇದೆ.

ಕೂಲರ್, ಬಿಸಿಲು, ವಾಹ್ವಾ

ಇಂಥದೊಂದು ಕಚೇರಿ ಕಲಬುರಗಿಯ ಡಾ. ಎಸ್.ಎಂ. ಪಂಡಿತ ರಂಗಮಂದಿರದಲ್ಲೋ ಬೀದರಿನ ಒಂದು ಸಭಾಂಗಣದಲ್ಲೋ ನಡೆಯಬೇಕೆಂದರೆ ಮೊದಲು ಗೆಲ್ಲಬೇಕಾದದ್ದು ನಮ್ಮ ಹವೆಯನ್ನು. ಏಪ್ರಿಲ್, ಮೇ ತಿಂಗಳಲ್ಲಿ ಪಾದರಸ 40 ಡಿಗ್ರಿ ದಾಟಿದಾಗ ಸಭೆಯಲ್ಲಿ ಕೂಲರ್‌ಗಳು ಓಡಲೇಬೇಕು. ಆ ಮೊರೆತದಲ್ಲಿ ಮೈಕಿಲ್ಲದ ಗಿಟಾರ್ ಮೂರನೇ ಸಾಲಿಗೂ ತಲುಪುವುದಿಲ್ಲ. ಸೆಗೋವಿಯಾ ದೊಡ್ಡ ದೊಡ್ಡ ಸಭಾಂಗಣಗಳಲ್ಲೂ ಮೈಕ್ ಬೇಡವೆಂದೇ ಹಟ ಹಿಡಿದಿದ್ದರು. ಇನ್ನೊಬ್ಬ ಪ್ರಸಿದ್ಧ ಗಿಟಾರ್ ವಾದಕ ಜಾನ್ ವಿಲಿಯಮ್ಸ್ ಒಳ್ಳೆಯ ಮೈಕ್ ಬಳಸುವುದರಲ್ಲಿ ತಪ್ಪೇನೂ ಕಾಣಲಿಲ್ಲ. ನಮ್ಮ ಕಡೆ ವಿಲಿಯಮ್ಸ್ ಹೇಳಿದ ಹಾಗೆ ಕೇಳುವುದೇ ಲೇಸು. ಒಣಹವೆ ಇನ್ನೂ ದೊಡ್ಡ ಶತ್ರು. ಗಿಟಾರಿನ ಮರ ಇಷ್ಟಪಡುವ ತೇವಾಂಶ ಶೇಕಡಾ 45ರಿಂದ 55. ಅದಕ್ಕಿಂತ ತೀರ ಕೆಳಗಿಳಿದರೆ ಮೇಲ್ಹಲಗೆ ಕುಗ್ಗಿ, ಎಳೆಯ ಗುಂಟ ಸೀಳುತ್ತದೆ. ಬೇಸಿಗೆಯಲ್ಲಿ ಪೆಟ್ಟಿಗೆಯೊಳಗೆ ತೂತಿರುವ ಡಬ್ಬಿಯಲ್ಲಿ ಹಿಂಡಿದ ಒದ್ದೆ ಸ್ಪಂಜು ಇಡುವುದು ಖರ್ಚಿಲ್ಲದ ಉಪಾಯ. ನೈಲಾನ್ ತಂತಿ ಬಿಸಿಗೆ ಸಡಿಲವಾಗುವುದರಿಂದ ವೇದಿಕೆಯ ದೀಪಗಳ ಕೆಳಗೆ ಶ್ರುತಿ ಇಳಿಯುತ್ತಲೇ ಇರುತ್ತದೆ. ಪ್ರತಿ ಕೃತಿಯ ನಡುವೆ ಮೂವತ್ತು ಜನ ಶ್ರುತಿ ಮಾಡಿಕೊಳ್ಳುವಾಗ ಬೇಸರಿಸಬಾರದು.

ಇನ್ನು ನಮ್ಮ ಅಭ್ಯಾಸ. ಮೆಹಫಿಲಿನಲ್ಲಿ ಒಳ್ಳೆಯ ಜಾಗ ಬಂದಾಗ "ಕ್ಯಾ ಬಾತ್ ಹೈ" ಎನ್ನದೆ ಸುಮ್ಮನಿರುವುದು ಕಲಾವಿದರಿಗೆ ಅವಮಾನ ಮಾಡಿದಂತೆ. ಗಿಟಾರ್ ಕಚೇರಿಯಲ್ಲಿ ಕೃತಿಯ ಭಾಗಗಳ ನಡುವೆ ಕೂಡ ಚಪ್ಪಾಳೆ ತಟ್ಟದೆ, ಎಲ್ಲ ಮುಗಿದ ಮೇಲೆ ತಟ್ಟುತ್ತಾರೆ. ಇದನ್ನು ಬಿಳಿಯರ ಬಿಗುಮಾನ ಎಂದು ಕೆಲವರು ಗೊಣಗುತ್ತಾರೆ. ಬಿಗುಮಾನ ಸ್ವಲ್ಪ ಇರಬಹುದು, ಆದರೆ ವಾದ್ಯದ್ದೂ ಒಂದು ಕಾರಣವಿದೆ. ಕೊನೆಯ ಸ್ವರ ಮೀಟಿದ ಮೇಲೂ ಕೆಲವು ಸೆಕೆಂಡು ಅದು ಬದುಕಿರುತ್ತದೆ, ಆ ಕರಗುವಿಕೆಯನ್ನೂ ಸಂಯೋಜಕ ಲೆಕ್ಕಕ್ಕೆ ಹಿಡಿದಿರುತ್ತಾನೆ. ವಾದಕ ಕೈಯನ್ನು ತಂತಿಯಿಂದ ಕೆಳಗಿಳಿಸುವವರೆಗೆ ತಡೆದು, ಆಮೇಲೆ ಬೇಕಾದಷ್ಟು ವಾಹ್ವಾ ಎಂದರೆ ಯಾರ ತಕರಾರೂ ಇರುವುದಿಲ್ಲ.

ಉತ್ಸವದ ಗಿಟಾರ್ ವೃಂದಗಳಲ್ಲಿ ಹಲವು ಕಾಯಂ ತಂಡಗಳಲ್ಲ. ಶಿಬಿರಕ್ಕೆ ಬಂದ ವಿದ್ಯಾರ್ಥಿಗಳು, ಶಿಕ್ಷಕರು, ಬಿಡುವಿನಲ್ಲಿ ನುಡಿಸುವ ಬ್ಯಾಂಕಿನವರು, ಡಾಕ್ಟರುಗಳು ಕೆಲವು ದಿನ ಒಟ್ಟಿಗೆ ತಾಲೀಮು ಮಾಡಿ ಕೊನೆಯ ದಿನ ವೇದಿಕೆ ಹತ್ತುತ್ತಾರೆ. ಒಂದು ಗುಂಪಿಗೆ ಕಠಿಣ ಸಾಲು, ಇನ್ನೊಂದಕ್ಕೆ ಆರು ತಿಂಗಳು ಕಲಿತವರೂ ನುಡಿಸಬಹುದಾದ ಸಾಲು, ಹೀಗೆ ಹಂಚಿಕೆಯಾಗುತ್ತದೆ. ಭಾರತದಲ್ಲಿ ಕೋಲ್ಕತ್ತಾದಲ್ಲಿ ಕ್ಲಾಸಿಕಲ್ ಗಿಟಾರಿಗೆಂದೇ ಅಂತರರಾಷ್ಟ್ರೀಯ ಉತ್ಸವ ನಡೆಯುತ್ತಾ ಬಂದಿದೆ. ಕಲಬುರಗಿಯಲ್ಲಿ ಮೂವತ್ತು ಜನ ಸಿಗುವವರೆಗೆ ಕಾಯಬೇಕಿಲ್ಲ. ಎಂಟು ಜನ ಸಾಕು, ಒಂದು ಸಾಲಿಗೆ ಇಬ್ಬರಂತೆ. ಎಲ್ಲರ ಗಿಟಾರೂ ನೈಲಾನ್ ತಂತಿಯದಾಗಿರಲಿ, ಉಕ್ಕಿನದು ಒಂದೇ ಒಂದು ನುಸುಳಿದರೂ ಅದು ಉಳಿದವರನ್ನೆಲ್ಲ ಮುಚ್ಚಿಹಾಕುತ್ತದೆ. ಕಾಂಟ್ರಾಬಾಸ್ ಗಿಟಾರ್ ಸಿಗದು ಎಂದು ಕೈಬಿಡಬೇಡಿ. ನಾಲ್ಕನೇ ಸಾಲಿನ ಇಬ್ಬರೂ ತಮ್ಮ ಆರನೇ, ಅಂದರೆ ಅತಿ ಕೆಳಗಿನ ಸ್ವರದ, ತಂತಿಯನ್ನು ಒಂದು ಪೂರ್ಣ ಸ್ವರ ಇಳಿಸಿ, ಪಾಶ್ಚಾತ್ಯರು ಹೇಳುವ 'ಇ' ಸ್ವರದಿಂದ 'ಡಿ'ಗೆ ತಂದರೆ ವೃಂದದ ಬುಡ 82ರಿಂದ 73 ಕಂಪನಕ್ಕೆ ಇಳಿಯುತ್ತದೆ. 'ಡಿ' ಸ್ವರವನ್ನು ಆಧಾರವಾಗಿಟ್ಟ ಕೃತಿಗಳನ್ನು ಆರಿಸಿಕೊಂಡರೆ ಸದ್ಯಕ್ಕೆ ಅಷ್ಟು ಆಳ ಸಾಕು.